ದೊಡ್ಡ ಅಕ್ಷರ ದಯೆಯಲ್ಲ, ಹಕ್ಕು

ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರಲ್ಲಿ, ಉಗಾರದ ಸಕ್ಕರೆ ಕಾರಖಾನೆಯ ಕಾಮಗಾರರಲ್ಲಿ, ಅಥಣಿಯ ಚಪ್ಪಲಿ ಹೊಲಿಯುವವರಲ್ಲಿ ವಯಸ್ಸಾದಂತೆ ಕಣ್ಣು ಮಂಜಾದವರು ಅನೇಕರು. ಪಗಾರ, ಪಿಂಚಣಿ, ಅಂಗಡಿಯ ಜಮಾಖರ್ಚು ಈಗ ಮೊಬೈಲಿಗೆ ಬಂದಿವೆ. ಅಕ್ಷರ ಕಾಣದವನು ಫೋನನ್ನೂ ಪಿನ್ನನ್ನೂ ಪರರ ಕೈಗೆ ಕೊಡುತ್ತಾನೆ. ಮೋಸಕ್ಕೆ ಬಾಗಿಲು ತೆರೆಯುವುದು ಅಲ್ಲಿಯೇ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಆಕ್ಸೆಸಿಬಿಲಿಟಿ’ ಎಂಬ ವಿಭಾಗವಿದೆ. ಅಲ್ಲಿ ಅಕ್ಷರ ದೊಡ್ಡದು ಮಾಡಬಹುದು. ‘ಟಾಕ್‌ಬ್ಯಾಕ್’ ಹಚ್ಚಿದರೆ ಪರದೆಯ ಮೇಲಿನದನ್ನು ಫೋನೇ ಕನ್ನಡದಲ್ಲಿ ಓದುತ್ತದೆ. ಆಗ ಒಂದು ಸಲವಲ್ಲ, ಎರಡು ಸಲ ತಟ್ಟಬೇಕು. ಇದಕ್ಕೆ ಬೇರೆ ಕಾಸಿಲ್ಲ.

ಇದು ಯಾರ ಉಪಕಾರವೂ ಅಲ್ಲ. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು ಸಾರಿದೆ. ಬ್ಯಾಂಕಿನ ಆ್ಯಪು ಇದಕ್ಕೆ ಒಗ್ಗದಿದ್ದರೆ ಲಿಖಿತ ತಕರಾರು ಕೊಡಿರಿ. ಬಲ್ಲವರು ಈ ವಾರವೇ ತಮ್ಮ ಓಣಿಯ ಒಬ್ಬರಿಗಾದರೂ ಕಲಿಸಿರಿ.