ಬಿಪಿ ನೋಡುವವರು ಕುಡಿತದ ಬಗ್ಗೆಯೂ ಕೇಳಲಿ

ಜೂನ್ 26 ಬಂತೆಂದರೆ ಕಾಲೇಜುಗಳಲ್ಲಿ ಮಾದಕ ವಸ್ತು ವಿರೋಧಿ ಜಾಥಾ, ಪ್ರತಿಜ್ಞಾವಿಧಿ, ಭಾಷಣ ಸ್ಪರ್ಧೆಗಳು ನಡೆಯುತ್ತವೆ. ಜಾಗೃತಿ ಬೇಕು, ನಿಜ. ಆದರೆ ಕುಡಿತ ಅಥವಾ ಗಾಂಜಾ ರೂಢಿಯಾಗುತ್ತಿರುವ ಯುವಕನೊಬ್ಬ ಹೊಟ್ಟೆನೋವೆಂದು ಆಸ್ಪತ್ರೆಗೆ ಬಂದಾಗ ಆ ಬಗ್ಗೆ ಅವನನ್ನು ಯಾರಾದರೂ ಸರಿಯಾಗಿ ವಿಚಾರಿಸುತ್ತಾರೆಯೇ? ನರ್ಸಿಂಗ್ ಕೊನೆಯ ವರ್ಷದಲ್ಲಿರುವ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. 10ರಿಂದ 75 ವರ್ಷದವರಲ್ಲಿ ಶೇ 14.6ರಷ್ಟು ಮಂದಿ ಮದ್ಯ ಸೇವಿಸುತ್ತಾರೆ ಎಂದು ಅದು ಹೇಳಿತು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮಂದಿ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲ ಎಂದುಕೊಳ್ಳಬೇಡಿ. ಗ್ಯಾಸ್ಟ್ರಿಕ್, ಬಿಪಿ, ಬೈಕ್ ಅಪಘಾತ, ನಿದ್ದೆ ಬಾರದಿರುವುದು ಹೀಗೆ ಬೇರೆ ಕಾರಣಗಳಿಗೆ ಬಂದೇ ಬರುತ್ತಾರೆ. ಮೂಲ ಕಾರಣ ಚೀಟಿಯಲ್ಲಿ ದಾಖಲಾಗುವುದಿಲ್ಲ, ಅಷ್ಟೆ.

ವಾರ್ಡ್ ಪೋಸ್ಟಿಂಗ್‌ನಲ್ಲಿ ಕಂಡ ಒಂದು ಪ್ರಕರಣ ಹೇಳುತ್ತೇನೆ. ಕಾಲು ಮುರಿದು ದಾಖಲಾಗಿದ್ದವರೊಬ್ಬರಿಗೆ ಮೂರನೇ ದಿನ ಕೈ ನಡುಗತೊಡಗಿತು. ಗೋಡೆಯ ಮೇಲೆ ಹುಳು ಹರಿದಾಡುತ್ತಿವೆ ಎಂದು ಕೂಗಾಡಿದರು. ಗಾಳಿ ಸೋಕಿದೆ ಎಂದು ಮನೆಯವರು ಅತ್ತರು. ನಿತ್ಯ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು–ಮೂರು ದಿನಗಳಲ್ಲಿ ಹೀಗಾಗಬಹುದು. ಪ್ರಾಣಕ್ಕೂ ಅಪಾಯ. ಮೊದಲೇ ಗೊತ್ತಿದ್ದರೆ ಔಷಧಿಯಿಂದ ತಡೆಯಬಹುದು. ದಾಖಲಾತಿ ಹಾಳೆಯಲ್ಲಿ ಮದ್ಯಪಾನದ ಮುಂದೆ ‘ಇಲ್ಲ’ ಎಂದಿತ್ತು. ‘ಕುಡೀತೀಯೇನಯ್ಯಾ?’ ಎಂದು ಹೆಂಡತಿ, ಮಾವನ ಎದುರಿಗೇ ಕೇಳಿದರೆ ಯಾರು ತಾನೇ ಹೌದು ಎಂದಾರು?

ಕೇಳುವುದೂ ಒಂದು ವಿದ್ಯೆ. ಅದನ್ನು ಕಲಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆಗಳಿವೆ. 8 ಅಥವಾ ಹೆಚ್ಚು ಅಂಕ ಬಂದರೆ ಕುಡಿತ ಅಪಾಯದ ಹಾದಿಯಲ್ಲಿದೆ ಎಂದರ್ಥ. ತಂಬಾಕು, ಗಾಂಜಾ, ನಿದ್ದೆ ಮಾತ್ರೆಗಳನ್ನೂ ಒಳಗೊಂಡ ‘ಅಸಿಸ್ಟ್’ ಎಂಬ ಇನ್ನೊಂದು ಪ್ರಶ್ನಾವಳಿಯೂ ಇದೆ. ರೋಗಿಯನ್ನು ಪಕ್ಕಕ್ಕೆ ಕರೆದು, ‘ಅಣ್ಣಾ, ಇಲ್ಲಿ ಎಲ್ಲರನ್ನೂ ಕೇಳ್ತೀವಿ, ವಾರಕ್ಕೆ ಎಷ್ಟು ದಿನ ತಗೋತೀರಿ?’ ಎಂದರೆ ಉತ್ತರವೇ ಬೇರೆಯಾಗುತ್ತದೆ.

ಈಗಿರುವ ವ್ಯವಸ್ಥೆಯಲ್ಲಿ ದೊಡ್ಡ ಕಿಂಡಿಗಳಿವೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ಅಸಾಂಕ್ರಾಮಿಕ ರೋಗಗಳ ಫಾರ್ಮ್ 30 ವರ್ಷ ಮೇಲ್ಪಟ್ಟವರಿಗಾಗಿ ಇರುವಂಥದ್ದು. ಅದರಲ್ಲಿ ಕೇಳುವುದು ‘ಪ್ರತಿದಿನ ಮದ್ಯ ಸೇವಿಸುತ್ತೀರಾ?’ ಎಂದು. ಶನಿವಾರವಷ್ಟೇ ಮಿತಿಮೀರಿ ಕುಡಿದು ಗಾಡಿ ಓಡಿಸುವವನು ಇದಕ್ಕೆ ಪ್ರಾಮಾಣಿಕವಾಗಿಯೇ ‘ಇಲ್ಲ’ ಎನ್ನಬಹುದು. ನಮ್ಮ ವಯಸ್ಸಿನವರಂತೂ ಲೆಕ್ಕಕ್ಕೇ ಬರುವುದಿಲ್ಲ.

ಓಪಿಡಿಯ ನೂಕುನುಗ್ಗಲಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ‘ಆಡಿಟ್’ನ ಮೊದಲ ಮೂರು ಪ್ರಶ್ನೆಗಳನ್ನಷ್ಟೇ ಕೇಳುವ ಕಿರು ರೂಪವೂ ಬಳಕೆಯಲ್ಲಿದೆ. ಎಲ್ಲವನ್ನೂ ಮನೋವೈದ್ಯರೇ ಮಾಡಬೇಕೆಂದೂ ಇಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯಕೀಯ ಪದವಿಯಿಲ್ಲದ, ತರಬೇತಿ ಪಡೆದ ಸ್ಥಳೀಯರು ಅಪಾಯಕಾರಿ ಮಟ್ಟದಲ್ಲಿ ಕುಡಿಯುವ ಪುರುಷರೊಂದಿಗೆ ಗರಿಷ್ಠ ನಾಲ್ಕು ಬಾರಿ ಆಪ್ತಸಮಾಲೋಚನೆ ನಡೆಸಿದರು. ಮೂರು ತಿಂಗಳಲ್ಲಿ ಅವರಲ್ಲಿ ಶೇ 36ರಷ್ಟು ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಸಾಮಾನ್ಯ ಆರೈಕೆಯಷ್ಟೇ ಸಿಕ್ಕವರಲ್ಲಿ ಈ ಪ್ರಮಾಣ ಶೇ 26. ಇದು ಪವಾಡವಲ್ಲ, ಆದರೆ ನೂರಕ್ಕೆ ಹತ್ತು ಕುಟುಂಬಗಳ ವ್ಯತ್ಯಾಸ.

2017ರ ಮಾನಸಿಕ ಆರೋಗ್ಯ ಕಾಯ್ದೆ ಸರ್ಕಾರಿ ಆಸ್ಪತ್ರೆಗಳ ಎಲ್ಲ ವೈದ್ಯಾಧಿಕಾರಿಗಳಿಗೆ ಮೂಲಭೂತ ಮಾನಸಿಕ ಆರೋಗ್ಯ ತರಬೇತಿ ಕೊಡಬೇಕೆನ್ನುತ್ತದೆ. ರೋಗಿಯ ವಿವರ ಗುಟ್ಟಾಗಿಡಬೇಕೆಂದೂ ಹೇಳುತ್ತದೆ. ಈ ಭರವಸೆ ಇಲ್ಲದೆ ಯಾವ ವಿದ್ಯಾರ್ಥಿಯೂ ಗಾಂಜಾ ಸೇದುವುದನ್ನು ಒಪ್ಪಿಕೊಳ್ಳಲಾರ. ತರಬೇತಿ ಕೊಡಲು ಬೇಕಾದ ಪರಿಣತಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. ಅದು ಪ್ರತಿ ತಾಲ್ಲೂಕು ಆಸ್ಪತ್ರೆಯ ನರ್ಸ್‌ಗೂ, ಸಮುದಾಯ ಆರೋಗ್ಯ ಅಧಿಕಾರಿಗೂ ತಲುಪಬೇಕು. ಇಂಜೆಕ್ಷನ್ ಕೊಡುವುದನ್ನು ಪ್ರಾಯೋಗಿಕ ಪರೀಕ್ಷೆಯಲ್ಲಿ ನೋಡುವಂತೆ, ಈ ವಿಷಯ ವಿಚಾರಿಸುವುದನ್ನೂ ಪರೀಕ್ಷಿಸಬೇಕು. ಪತ್ತೆಯಾದವರನ್ನು ಎಲ್ಲಿಗೆ ಕಳಿಸಬೇಕೆಂಬುದೂ ಗೊತ್ತಿರಬೇಕು. ಇಲ್ಲದಿದ್ದರೆ ಕೇಳಿ ಫಲವಿಲ್ಲ.

ನರ್ಸಿಂಗ್, ಫಾರ್ಮಸಿ, ಎಂಎಸ್‌ಡಬ್ಲ್ಯು ಓದುತ್ತಾ ಆರೋಗ್ಯ ಇಲಾಖೆಯ ಹುದ್ದೆಗಳಿಗೆ ಕಾಯುತ್ತಿರುವ ಗೆಳೆಯ ಗೆಳತಿಯರೇ, ಈ ಕೌಶಲವನ್ನು ನಿಮ್ಮ ಕಾಲೇಜಿನಲ್ಲಿ ಕೇಳಿ ಪಡೆಯಿರಿ. ನಿಮಗೋ ಸ್ನೇಹಿತರಿಗೋ ಈಗಲೇ ನೆರವು ಬೇಕಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.