ಉಪವಾಸದ ದಿನ ಸಕ್ಕರೆಯ ಲೆಕ್ಕ

ದಶಲಕ್ಷಣ ಪರ್ವ ಬಂತೆಂದರೆ ಮಂಜೇಶ್ವರದ ಕಡೆಯ ನಮ್ಮ ಮನೆಗಳಲ್ಲಿ ಹಿರಿಯರು ಉಪವಾಸ ಹಿಡಿಯುತ್ತಾರೆ. ಆಗ ದೇಹ ನಡೆಯುವುದು ದಾಸ್ತಾನಿನಿಂದ. ಉಂಡಾಗ ಇನ್ಸುಲಿನ್ ಎಂಬ ಹಾರ್ಮೋನು ಯಕೃತ್ತಿನಲ್ಲಿ ಸಕ್ಕರೆ ಕೂಡಿಡುತ್ತದೆ. ಉಣ್ಣದಿದ್ದಾಗ ಗ್ಲುಕಗಾನ್ ಅದನ್ನು ಹೊರತೆಗೆಯುತ್ತದೆ. ಸುಮಾರು ಒಂದು ದಿನದಲ್ಲಿ ಅದು ಮುಗಿದು, ಕೊಬ್ಬು ಹೆಚ್ಚಾಗಿ ಕರಗತೊಡಗುತ್ತದೆ.

ಮಧುಮೇಹಿಗಳ ಲೆಕ್ಕ ಬೇರೆ. ಇನ್ಸುಲಿನ್ ಚುಚ್ಚುಮದ್ದು ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಉಣ್ಣದಿದ್ದರೆ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಬೆವರು, ನಡುಕ, ಮಂಕು ಕಂಡರೆ ಉಪವಾಸ ಬಿಟ್ಟು ಕೂಡಲೇ 3 ಚಮಚ ಸಕ್ಕರೆ ಕದಡಿದ ನೀರು ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು. ಪರ್ವಕ್ಕೆ ಮೊದಲೇ ವೈದ್ಯರನ್ನು ಕೇಳಿರಿ. ಹದಿನಾರು ಭಾವನೆಗಳಲ್ಲಿ ಒಂದು ಶಕ್ತಿತಸ್ತಪ, ಅಂದರೆ ಶಕ್ತಿಗೆ ತಕ್ಕ ತಪ.