ಚೀಟಿ ಮರೆಸಿದ ಕನಸು

ನರವೆಂದರೆ ತಂತಿ, ಮೆದುಳೆಂದರೆ ತಂತಿ ಕಚೇರಿ ಎಂದು ನಮ್ಮಲ್ಲಿ ಹಲವರು ಶಾಲೆಯಲ್ಲಿ ಕಲಿತಿದ್ದೇವೆ. ಹೋಲಿಕೆ ಪೂರ್ತಿ ಸುಳ್ಳಲ್ಲ. ನರತಂತುವಿನ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಪ್ರಚೋದನೆಯಾದೊಡನೆ ಅದರ ಪೊರೆಯ ಸೂಕ್ಷ್ಮದ್ವಾರಗಳು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಮರುಕ್ಷಣವೇ ಪೊಟ್ಯಾಸಿಯಂ ಹೊರಬೀಳುತ್ತದೆ. ಹೀಗೆದ್ದ ವಿದ್ಯುತ್ತಿನ ಅಲೆ ನೆರೆಯ ದ್ವಾರಗಳನ್ನೂ ತೆರೆಸುತ್ತ ಮುಂದೆ ಸಾಗುತ್ತದೆ. ವೇಗದ ನರಗಳಲ್ಲಿ ಸೆಕೆಂಡಿಗೆ 100 ಮೀಟರಿನಷ್ಟು!

ಆದರೆ ತಂತು ಮುಗಿಯುವಲ್ಲಿ ಹೋಲಿಕೆಯೂ ಮುಗಿಯುತ್ತದೆ. ಒಂದು ಕೋಶಕ್ಕೂ ಮುಂದಿನದಕ್ಕೂ ನಡುವೆ ತೆರಪುಂಟು: ಮಿಲಿಮೀಟರಿನ ಸುಮಾರು 50,000ದಲ್ಲಿ ಒಂದು ಪಾಲು. ಅದನ್ನು ಸಂದೇಶ ದಾಟುವುದೆಂತು? ಕಿಡಿಯಂತೆ ವಿದ್ಯುತ್ತೇ ನೆಗೆಯುತ್ತದೆಂದು ಕೆಲವರು, ಯಾವುದೋ ರಸ ಸ್ರವಿಸುತ್ತದೆಂದು ಕೆಲವರು ವಾದಿಸುತ್ತಿದ್ದರು.

ಆಸ್ಟ್ರಿಯಾದ ಗ್ರಾಟ್ಸ್ ನಗರದ ಪ್ರಾಧ್ಯಾಪಕ ಆಟೊ ಲೋವಿ ಒಂದು ರಾತ್ರಿ ಎಚ್ಚತ್ತು, ಚೀಟಿಯಲ್ಲಿ ಏನನ್ನೋ ಗೀಚಿ ಮತ್ತೆ ಮಲಗಿದನು. ಬೆಳಗ್ಗೆ ನೋಡಿದರೆ ತನ್ನ ಬರಹ ತನಗೇ ಓದಲಾಗದು! (ಉತ್ತರಪತ್ರಿಕೆ ತಿದ್ದುವ ನಮಗೆ ಈ ಸಂಕಟ ಹೊಸದಲ್ಲ.) ಮರುರಾತ್ರಿ ಮೂರು ಗಂಟೆಗೆ ಅದೇ ವಿಚಾರ ಮರಳಿ ಬಂದಾಗ, ಚೀಟಿಯನ್ನು ನಂಬದೆ ನೇರವಾಗಿ ಪ್ರಯೋಗಶಾಲೆಗೆ ನಡೆದನು.

ಎರಡು ಕಪ್ಪೆಗಳ ಹೃದಯಗಳನ್ನು ತೆಗೆದು, ಲವಣದ್ರಾವಣ ತುಂಬಿ, ಮಿಡಿಯುವಂತೆ ಇರಿಸಿದನು. ಮೊದಲನೆಯದರ ವೇಗಸ್ ನರವನ್ನು ಉಳಿಸಿದ್ದನು; ಎರಡನೆಯದಕ್ಕೆ ನರವೇ ಇರಲಿಲ್ಲ. ನರವನ್ನು ಕೆರಳಿಸಲು ಮೊದಲ ಹೃದಯದ ಬಡಿತ ನಿಧಾನವಾಯಿತು. ಅದರೊಳಗಿನ ದ್ರಾವಣವನ್ನು ಎರಡನೆಯದಕ್ಕೆ ಹಾಯಿಸಿದನು. ಯಾವ ನರದ ಸಂಪರ್ಕವೂ ಇಲ್ಲದ ಆ ಹೃದಯವೂ ನಿಧಾನವಾಯಿತು!

ಸಂದೇಶ ಹೊತ್ತದ್ದು ರಸ. ಫಲಿತಾಂಶ 1921ರಲ್ಲಿ ಪ್ರಕಟವಾಯಿತು. ಅದು ಅಸಿಟೈಲ್‌ಕೋಲಿನ್ ಎಂದು ಅನಂತರ ತಿಳಿಯಿತು. ಕಿಡಿಯ ಪಕ್ಷದವರೂ ಪೂರ್ತಿ ಸೋತವರಲ್ಲ. ಕೆಲವು ಕೋಶಗಳ ನಡುವೆ ವಿದ್ಯುತ್ತೇ ನೇರವಾಗಿ ಹಾಯುವುದು ಮುಂದೆ ಕಂಡುಬಂದಿತು.

1936ರಲ್ಲಿ ಲೋವಿಗೆ ಹೆನ್ರಿ ಡೇಲ್‌ನೊಡನೆ ನೊಬೆಲ್ ಬಹುಮಾನ ಸಂದಿತು. ಎರಡೇ ವರ್ಷದಲ್ಲಿ, 1938ರ ಮಾರ್ಚಿನಲ್ಲಿ, ನಾಟ್ಸಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದರು. ಯಹೂದಿಯಾದ ಆತನನ್ನು ಸೆರೆಗೆ ತಳ್ಳಿದರು. ಕೊಲ್ಲುವರೆಂಬುದೇ ಆತನ ಎಣಿಕೆ. ಆದರೂ ಕಾವಲುಗಾರನಿಂದ ಅಂಚೆಕಾರ್ಡು, ಲೇಖನಿ ಬೇಡಿದನು. ತನ್ನ ಕಡೆಯ ಪ್ರಯೋಗದ ಫಲಿತಾಂಶವನ್ನು ವಿಜ್ಞಾನ ಪತ್ರಿಕೆಯೊಂದಕ್ಕೆ ಬರೆದು ಕಳುಹಿಸಿದ ಮೇಲೆಯೇ ಮನಸ್ಸಿಗೆ ನೆಮ್ಮದಿ. ಬಹುಮಾನದ ಹಣವನ್ನು ನಾಟ್ಸಿಗಳ ಬ್ಯಾಂಕಿಗೆ ಒಪ್ಪಿಸಿದ ಮೇಲೆ ದೇಶ ಬಿಡಗೊಟ್ಟರು. 1940ರಲ್ಲಿ ಲೋವಿ ನ್ಯೂಯಾರ್ಕ್ ಸೇರಿ ಮತ್ತೆ ಪಾಠಹೇಳತೊಡಗಿದನು.